ತಿಂಗಳು ತುಂಬದ ಮಗುವಿಗೆ ತಾಯಿಹಾಲಿನ ಕೊಬ್ಬು

ದಿನ ತುಂಬುವ ಮೊದಲೇ ಹೆರಿಗೆಯಾದ ಮನೆಯಲ್ಲಿ ಮೂರು ನಾಲ್ಕನೆಯ ದಿನಕ್ಕೇ ಒಂದು ಮಾತು ಕೇಳಿಬರುತ್ತದೆ: "ಇವಳ ಹಾಲು ನೀರಿನ ಹಾಗಿದೆ. ಇದರಿಂದ ಮಗು ಬೆಳೆಯುವುದುಂಟೇ?" ಹೇಳುವವರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಆ ಮಾತು ಬಾಣಂತಿಯ ಮನಸ್ಸಿಗೆ ನಾಟುತ್ತದೆ. ಅವಳು ಹಾಲು ಹಿಂಡುವುದನ್ನು ಕಡಿಮೆ ಮಾಡುತ್ತಾಳೆ. ಹಿಂಡುವುದು ಕಡಿಮೆಯಾದಂತೆ ಹಾಲೂ ಕಡಿಮೆಯಾಗುತ್ತದೆ. ಹತ್ತು ದಿನ ಕಳೆಯುವುದರೊಳಗೆ ಡಬ್ಬಿ ಪುಡಿ ಬರುತ್ತದೆ. ಆ ಪುಟ್ಟ ಮಗುವಿಗೆ ಅತ್ಯಂತ ಬೇಕಾಗಿದ್ದ ಆಹಾರ ಹೀಗೆ ತಪ್ಪಿಹೋಗುತ್ತದೆ.

ನೀರಿನಂತೆ ಕಾಣುವ ಹಾಲಿನಲ್ಲಿ ಕೊಬ್ಬು ಎಷ್ಟಿದೆ, ಅದು ಎಂಥದ್ದು, ಸಣ್ಣ ಮಗುವಿಗೆ ಅದು ಏಕೆ ಬೇಕು, ತಾಯಿಯಿಂದ ಮಗುವಿನ ಹೊಟ್ಟೆಗೆ ಹೋಗುವ ದಾರಿಯಲ್ಲಿ ಅದು ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬುದನ್ನು ಈ ತಿಂಗಳು ತಿಳಿಯೋಣ.

ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 233ನೇ ವಚನವು ತಾಯಂದಿರು ಪೂರ್ಣ ಎರಡು ವರ್ಷ ಹಾಲುಣಿಸುವ ವಿಷಯವನ್ನು ಹೇಳುತ್ತದೆ. ಅದೇ ವಚನ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ. ಹಾಗಾಗಿ ಮುಂದಿನ ಮಾತುಗಳು ಬಾಣಂತಿಯೊಬ್ಬಳಿಗಲ್ಲ, ಗಂಡ, ಅತ್ತೆ, ತಾಯಿ, ನಾದಿನಿ ಎಲ್ಲರಿಗೂ ಸೇರಿದವು.

ಗರ್ಭದ ಕೊನೆಯ ಮೂರು ತಿಂಗಳು

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಗರ್ಭದಲ್ಲಿರುವ ಮಗು ಮೈಯಲ್ಲಿ ಕೊಬ್ಬನ್ನು ಕೂಡಿಡುವುದು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ತಿಂಗಳು ತುಂಬಿ ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು ಎಂಟರಲ್ಲಿ ಒಂದು ಪಾಲು ಕೊಬ್ಬು ಇರುತ್ತದೆ. 28 ವಾರಕ್ಕೆ ಹುಟ್ಟಿದ, ಒಂದು ಕಿಲೋ ತೂಗುವ ಮಗುವಿನಲ್ಲಿ ಅದು ತೀರಾ ಅಲ್ಪ. ಆ ಮಗುವಿನ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣುವಂತಿರುವುದು ಇದಕ್ಕೇ. ಮೈ ಬೇಗ ತಣ್ಣಗಾಗುತ್ತದೆ, ಹಸಿವು ತಡೆಯುವ ದಾಸ್ತಾನೂ ಇಲ್ಲ.

ಮೆದುಳು ಮತ್ತು ಕಣ್ಣಿನ ಅಕ್ಷಿಪಟಲ ವೇಗವಾಗಿ ಬೆಳೆಯುವುದೂ ಇದೇ ಮೂರು ತಿಂಗಳಲ್ಲಿ. ನೀರನ್ನು ಬಿಟ್ಟರೆ ಮೆದುಳಿನ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬಿನದು. ಅದಕ್ಕೆ ಬೇಕಾದ ಡಿಎಚ್‌ಎ ಎಂಬ ವಿಶೇಷ ಕೊಬ್ಬಿನಾಮ್ಲವನ್ನು ತಾಯಿಯ ದೇಹ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಕಳಿಸುತ್ತಿರುತ್ತದೆ. ಬೇಗ ಹುಟ್ಟಿದ ಮಗುವಿಗೆ ಆ ದಾರಿ ಅರ್ಧದಲ್ಲೇ ಕಡಿದುಹೋಗುತ್ತದೆ. ಅಲ್ಲಾಹನು ತೆರೆದಿಟ್ಟ ಇನ್ನೊಂದು ದಾರಿಯೆಂದರೆ ತಾಯಿಯ ಹಾಲು.

ಹಾಲಿನ ಕೊಬ್ಬಿನಲ್ಲಿ ಏನೇನಿದೆ?

100 ಮಿಲಿಲೀಟರ್ ತಾಯಿಹಾಲಿನಲ್ಲಿ ಸುಮಾರು 3.5ರಿಂದ 4 ಗ್ರಾಂ ಕೊಬ್ಬು, 7 ಗ್ರಾಂ ಸಕ್ಕರೆಯ ಅಂಶ, 1 ಗ್ರಾಂ ಪ್ರೋಟೀನ್ ಇರುತ್ತದೆ. ಒಂದು ಗ್ರಾಂ ಕೊಬ್ಬು 9 ಕ್ಯಾಲೊರಿ ಕೊಡುತ್ತದೆ. ಅಂದರೆ ಹಾಲಿನಿಂದ ಸಿಗುವ ಶಕ್ತಿಯಲ್ಲಿ ಹೆಚ್ಚು ಕಡಿಮೆ ಅರ್ಧ ಕೊಬ್ಬಿನಿಂದಲೇ ಬರುತ್ತದೆ. ಬೇಗ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ಕೆಲವು ವಾರ ಪ್ರೋಟೀನ್ ಸ್ವಲ್ಪ ಹೆಚ್ಚೇ ಇರುತ್ತದೆ. ಕೊಬ್ಬಿನ ಪ್ರಮಾಣ ಮಾತ್ರ ತಾಯಿಯಿಂದ ತಾಯಿಗೆ, ಒಬ್ಬಳೇ ತಾಯಿಯಲ್ಲಿ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತಿರುತ್ತದೆ.

ಪ್ರಮಾಣಕ್ಕಿಂತ ಈ ಕೊಬ್ಬಿನ ಗುಣ ದೊಡ್ಡದು. ನಾಲ್ಕು ವಿಷಯಗಳನ್ನು ನೆನಪಿಡಿ.

ಒಂದು, ಇದರಲ್ಲಿ ಮಧ್ಯಮ ಸರಪಳಿಯ ಕೊಬ್ಬಿನಾಮ್ಲಗಳಿವೆ. ಇವನ್ನು ಸ್ತನವೇ ತಯಾರಿಸುತ್ತದೆ. ಇವು ಪಿತ್ತರಸಕ್ಕೆ ಹೆಚ್ಚು ಕಾಯದೆ ಸುಲಭವಾಗಿ ರಕ್ತ ಸೇರುತ್ತವೆ. ಬೇಗ ಹೆತ್ತ ತಾಯಂದಿರ ಹಾಲಿನಲ್ಲಿ ಇವುಗಳ ಪಾಲು ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಎರಡು, ಡಿಎಚ್‌ಎ ಮತ್ತು ಅರಾಕಿಡೋನಿಕ್ ಆಮ್ಲ. ಮೆದುಳು, ಕಣ್ಣುಗಳ ಬೆಳವಣಿಗೆಗೆ ಬೇಕಾದ ಇವು ತಾಯಿಹಾಲಿನಲ್ಲಿ ಸಿದ್ಧವಾಗಿ ಸಿಗುತ್ತವೆ. ಹಸುವಿನ ಹಾಲಿನಲ್ಲಿ ಡಿಎಚ್‌ಎ ಇಲ್ಲವೆನ್ನುವಷ್ಟು ಕಡಿಮೆ.

ಮೂರು, ಪಾಮಿಟಿಕ್ ಆಮ್ಲದ ಜೋಡಣೆ. ತಾಯಿಹಾಲಿನಲ್ಲಿ ಅದು ಕೊಬ್ಬಿನ ಕಣದ ನಡುವಿನ ಜಾಗದಲ್ಲಿ ಕುಳಿತಿರುವುದರಿಂದ ಕರುಳು ಅದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಸಸ್ಯದೆಣ್ಣೆಗಳಿಂದ ಮಾಡಿದ ಸಾಮಾನ್ಯ ಡಬ್ಬಿ ಪುಡಿಯಲ್ಲಿ ಅದು ಹೆಚ್ಚಾಗಿ ಕಣದ ಅಂಚಿನಲ್ಲಿರುತ್ತದೆ. ಅಲ್ಲಿಂದ ಬಿಡಿಸಿಕೊಂಡು ಸುಣ್ಣದ ಅಂಶದೊಂದಿಗೆ ಸೇರಿ ಸಾಬೂನಿನಂತಾಗಿ ಮಲದಲ್ಲಿ ಹೋಗುತ್ತದೆ. ಮಲ ಗಟ್ಟಿಯಾಗುತ್ತದೆ, ಕೊಬ್ಬು ಮತ್ತು ಸುಣ್ಣ ಎರಡೂ ನಷ್ಟ.

ನಾಲ್ಕು, ಜೀರ್ಣಿಸುವ ಕಿಣ್ವವೂ ಹಾಲಿನಲ್ಲೇ ಇದೆ. ಬೇಗ ಹುಟ್ಟಿದ ಮಗುವಿನ ಮೇದೋಜೀರಕ ಗ್ರಂಥಿ ಕೊಬ್ಬು ಕರಗಿಸುವ ಲೈಪೇಸ್ ಕಿಣ್ವವನ್ನು ಸಾಕಷ್ಟು ಕೊಡಲಾರದು, ಪಿತ್ತರಸವೂ ಕಡಿಮೆ. ತಾಯಿಹಾಲು ತನ್ನ ಲೈಪೇಸನ್ನು ತಾನೇ ತರುತ್ತದೆ. ಅದು ಮಗುವಿನ ಕರುಳಿಗೆ ಇಳಿದ ಮೇಲೆ ಕೆಲಸ ಆರಂಭಿಸುತ್ತದೆ. ಹಾಲನ್ನು ಕುದಿಸಿದರೆ ಈ ಕಿಣ್ವ ಸತ್ತುಹೋಗುತ್ತದೆ. ಆದ್ದರಿಂದ ಹಿಂಡಿದ ತಾಯಿಹಾಲನ್ನು ಎಂದೂ ಕುದಿಸಬಾರದು.

ಇದಲ್ಲದೆ ಈ ಮಕ್ಕಳ ಕರುಳನ್ನು ಬಾಧಿಸುವ, ಕರುಳಿನ ಭಾಗವೇ ಕೊಳೆಯುವ ಒಂದು ಭಯಾನಕ ಕಾಯಿಲೆ ಉಂಟು. ವೈದ್ಯರು ಅದನ್ನು ಎನ್‌ಇಸಿ ಎನ್ನುತ್ತಾರೆ. ತಾಯಿಹಾಲು ಕುಡಿಯುವ ಮಕ್ಕಳಲ್ಲಿ ಅದು ಡಬ್ಬಿ ಹಾಲಿನ ಮಕ್ಕಳಿಗಿಂತ ಕಡಿಮೆ.

ತೆಳು ಹಾಲು, ದಪ್ಪ ಹಾಲು

ಈಗ "ನೀರಿನಂಥ ಹಾಲು" ಎಂಬ ಮಾತಿಗೆ ಬರೋಣ. ಮೊದಲ ದಿನಗಳ ಹಳದಿ ಗಿಣ್ಣುಹಾಲಿನಲ್ಲಿ ಕೊಬ್ಬು ಕಡಿಮೆ, ರೋಗ ತಡೆಯುವ ಅಂಶಗಳು ಹೆಚ್ಚು. ಹನಿ ಹನಿಯಾಗಿ ಬರುವ ಅದನ್ನು ಚೆಲ್ಲಬೇಡಿ. ಆ ಹನಿಗಳನ್ನು ಸಿರಿಂಜಿನಲ್ಲಿ ಸಂಗ್ರಹಿಸಿ ಮಗುವಿಗೆ ಕೊಡಲು ವಾರ್ಡಿನವರು ಕಾಯುತ್ತಿರುತ್ತಾರೆ. ನಂತರ ಬರುವ ಹಾಲಿನಲ್ಲಿ ಕೊಬ್ಬು ಏರುತ್ತಾ ಹೋಗುತ್ತದೆ.

ಒಂದೇ ಸಲ ಹಿಂಡುವಾಗಲೂ ಹಾಲು ಒಂದೇ ಬಗೆಯಾಗಿರುವುದಿಲ್ಲ. ಎದೆ ತುಂಬಿರುವಾಗ ಮೊದಲು ಬರುವ ಹಾಲು ತೆಳು, ಸ್ವಲ್ಪ ನೀಲಿ ಛಾಯೆಯದು. ಕೊಬ್ಬಿನ ಕಣಗಳು ಹಾಲಿನ ಗೂಡುಗಳ ಗೋಡೆಗೆ ಅಂಟಿಕೊಂಡಿದ್ದು, ಎದೆ ಬರಿದಾದಂತೆ ಇಳಿದು ಬರುತ್ತವೆ. ಕೊನೆಯ ಹಾಲಿನಲ್ಲಿ ಕೊಬ್ಬು ಮೊದಲ ಹಾಲಿನ ಎರಡು ಮೂರು ಪಟ್ಟು ಇರಬಹುದು. ಐದು ನಿಮಿಷ ಹಿಂಡಿ, ಬಟ್ಟಲಲ್ಲಿ ತೆಳು ಹಾಲು ಕಂಡು ಬೇಸರಪಟ್ಟು ನಿಲ್ಲಿಸಿದ ತಾಯಿ ತನ್ನ ಹಾಲಿನ ಕೆನೆಯನ್ನು ಎದೆಯಲ್ಲೇ ಬಿಟ್ಟಿರುತ್ತಾಳೆ. ಮೊದಲ ಹಾಲೂ ವ್ಯರ್ಥವಲ್ಲ. ಪ್ರೋಟೀನ್, ಸಕ್ಕರೆ, ರೋಗನಿರೋಧಕ ಅಂಶಗಳು ಅದರಲ್ಲೂ ಇವೆ. ಮಗುವಿಗೆ ಎರಡೂ ಬೇಕು.

ಒಂದು ಲೆಕ್ಕ ಹಾಕೋಣ

ಒಂದೂಕಾಲು ಕಿಲೋ ತೂಕದ ಮಗುವಿಗೆ ದಿನಕ್ಕೆ 200 ಮಿಲಿಲೀಟರ್ ಹಾಲು ಕೊಡುತ್ತಿದ್ದಾರೆ ಎಂದುಕೊಳ್ಳಿ. 100 ಮಿಲಿಲೀಟರಿಗೆ 67 ಕ್ಯಾಲೊರಿಯಂತೆ ಒಟ್ಟು 134 ಕ್ಯಾಲೊರಿ. ಅದರಲ್ಲಿ 7 ಗ್ರಾಂ ಕೊಬ್ಬಿನದೇ 63. ಇಂಥ ಮಗುವಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 110ರಿಂದ 135 ಕ್ಯಾಲೊರಿ ಬೇಕು. ಈ ಮಗುವಿನ ಲೆಕ್ಕದಲ್ಲಿ ಅದು 137ರಿಂದ 169. ಅಂದರೆ ಪೂರ್ತಿ ಹಾಲು ಕೊಟ್ಟರೂ ಅಳತೆ ಅಂಚಿನಲ್ಲೇ ಇದೆ. ಹಾಲು ಪಾತ್ರೆಯಿಂದ ಪಾತ್ರೆಗೆ ಹೋಗುವಾಗ 100 ಮಿಲಿಲೀಟರಿಗೆ ಒಂದೇ ಗ್ರಾಂ ಕೊಬ್ಬು ಗೋಡೆಗೆ ಅಂಟಿ ಉಳಿದರೂ ದಿನಕ್ಕೆ 18 ಕ್ಯಾಲೊರಿ ಕಳೆದುಹೋಯಿತು. ದಿನಕ್ಕೆ ಸುಮಾರು 20 ಗ್ರಾಂ ಏರಬೇಕಾದ ತೂಕದ ಏರಿಕೆ ನಿಧಾನವಾಗಲು ಇಷ್ಟು ಸಾಕು. ಕುಡಿದ ಹಾಲಿನ ಅಳತೆ ಸರಿಯಾಗಿದ್ದೂ ತೂಕ ಏರದಿದ್ದರೆ ಇದೂ ಒಂದು ಕಾರಣವಾಗಿರಬಹುದು.

ಇದೇ ಕಾರಣಕ್ಕೆ ತೀರಾ ಸಣ್ಣ ಮಕ್ಕಳಿಗೆ ವೈದ್ಯರು ತಾಯಿಹಾಲಿಗೆ ಬೆರೆಸುವ ಒಂದು ಪೋಷಕ ಪುಡಿಯನ್ನು ಬರೆದುಕೊಡುವುದುಂಟು. ಪ್ರೋಟೀನ್, ಸುಣ್ಣ, ರಂಜಕದ ಕೊರತೆಯನ್ನು ಅದು ತುಂಬುತ್ತದೆ. ಅದನ್ನು ಕಂಡು "ನನ್ನ ಹಾಲು ಸಾಲದು" ಎಂದು ಎದೆಗುಂದಬೇಡಿ. ಅದು ನಿಮ್ಮ ಹಾಲಿಗೆ ಸೇರಿಸುವಂಥದ್ದು, ಬದಲಿಗೆ ಕೊಡುವಂಥದ್ದಲ್ಲ.

ಬಾರ್ಕೂರಿನಿಂದ ವಾರ್ಡಿನವರೆಗೆ

ಬಾರ್ಕೂರು, ಬ್ರಹ್ಮಾವರ, ಕೋಟದ ಕಡೆಯಲ್ಲಿ ಬೇಗ ಹುಟ್ಟಿದ ಮಗುವನ್ನು ಹೆಚ್ಚಾಗಿ ಉಡುಪಿ ಇಲ್ಲವೇ ಮಣಿಪಾಲಕ್ಕೆ ಕರೆದೊಯ್ಯುತ್ತಾರೆ. ಹಾಜಿ ಅಬ್ದುಲ್ಲಾ ಸಾಹೇಬರ ಹೆಸರನ್ನು ಹೊತ್ತ ಉಡುಪಿಯ ತಾಯಿ ಮಕ್ಕಳ ಆಸ್ಪತ್ರೆಯಾಗಲಿ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಾಗಲಿ, ಬಾರ್ಕೂರಿನಿಂದ ಬಹಳ ದೂರವೇನಲ್ಲ. ತಾಯಿ ಅಲ್ಲೇ ಉಳಿಯುವ ಅನುಕೂಲವಿದ್ದರೆ ಅದೇ ಅತ್ಯುತ್ತಮ. ಮಗುವಿನ ಬಳಿ ಕುಳಿತು ಹಿಂಡಿದ ತಾಜಾ ಹಾಲಿಗೆ ಸಮನಾದದ್ದು ಬೇರಿಲ್ಲ. ಆದರೆ ಮನೆಯಲ್ಲಿ ಇನ್ನೆರಡು ಮಕ್ಕಳು, ಗಂಡ ಗಲ್ಫಿನಲ್ಲಿ, ಶಸ್ತ್ರಚಿಕಿತ್ಸೆಯ ಗಾಯ ಇನ್ನೂ ಹಸಿ ಎಂಬ ಸ್ಥಿತಿಯಲ್ಲಿ ಬಾಣಂತಿ ಊರಲ್ಲಿದ್ದು, ಹಾಲು ಮಾತ್ರ ದಿನವೂ ಹೋಗಬೇಕಾಗುತ್ತದೆ. ಆಗ ಹೀಗೆ ಮಾಡಿ.

1. ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಕೈಯಿಂದ ಹಿಂಡಲು ಆರಂಭಿಸಿ. ದಿನಕ್ಕೆ ಕನಿಷ್ಠ 8 ಸಲ, ರಾತ್ರಿಯಲ್ಲೂ ಒಂದೆರಡು ಸಲ ಹಿಂಡಬೇಕು. ತಹಜ್ಜುದ್ ಅಥವಾ ಸಹರಿಯ ಹೊತ್ತಿಗೆ ಮನೆಯಲ್ಲಿ ಯಾರಾದರೂ ಎದ್ದಿದ್ದರೆ ಬಾಣಂತಿಯನ್ನು ಎಬ್ಬಿಸಿ, ಒಂದು ಲೋಟ ಬಿಸಿ ಗಂಜಿ ಕೊಟ್ಟು ಜೊತೆಗೆ ಕುಳಿತುಕೊಳ್ಳಿ.

2. ಪಂಪ್ ಬಳಸುವುದಾದರೂ ಎದೆಯನ್ನು ಕೈಯಿಂದ ಮೃದುವಾಗಿ ತಿಕ್ಕುತ್ತಾ ಹಿಂಡಿ, ಕೊನೆಗೆ ಕೈಯಿಂದಲೇ ಉಳಿದದ್ದನ್ನು ತೆಗೆಯಿರಿ. ಕೊಬ್ಬಿನ ಪಾಲು ಹೀಗೆ ಹೆಚ್ಚು ಸಿಗುತ್ತದೆ.

3. ಒಂದು ಸಲದ ಹಾಲು, ಮೊದಲಿನದೂ ಕೊನೆಯದೂ ಸೇರಿ, ಒಂದೇ ಪಾತ್ರೆಯಲ್ಲಿರಲಿ. ಲೋಟದಿಂದ ಬಾಟಲಿಗೆ, ಬಾಟಲಿಯಿಂದ ಇನ್ನೊಂದಕ್ಕೆ ಸುರಿಯುತ್ತಾ ಹೋದರೆ ಪ್ರತಿ ಗೋಡೆಯಲ್ಲೂ ಕೆನೆ ಉಳಿಯುತ್ತದೆ. ಆಸ್ಪತ್ರೆ ಕೊಟ್ಟ ಮುಚ್ಚಳದ ಪಾತ್ರೆಗೇ ನೇರವಾಗಿ ಹಿಂಡಿ, ಹೆಸರು, ದಿನ, ಗಂಟೆ ಬರೆಯಿರಿ.

4. ಹಿಂಡುವ ಮುನ್ನ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಉಗುರು ಕತ್ತರಿಸಿ, ಉಂಗುರ ಬಳೆ ತೆಗೆದಿಡಿ. ಪಾತ್ರೆ, ಪಂಪಿನ ಭಾಗಗಳನ್ನು ತೊಳೆದು ಆಸ್ಪತ್ರೆಯವರು ಹೇಳಿಕೊಟ್ಟಂತೆ ಕುದಿಸಿ.

5. ಕರಾವಳಿಯ ಸೆಕೆಯಲ್ಲಿ ಹಾಲನ್ನು ಹೊರಗಿಡಬೇಡಿ. ಹಿಂಡಿದ ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿಡಿ, ಬಾಗಿಲಿನ ಅಂಕಣದಲ್ಲಲ್ಲ. 48 ಗಂಟೆಯೊಳಗೆ ವಾರ್ಡಿಗೆ ಮುಟ್ಟಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದಿರಿ.

6. ಒಯ್ಯಲು ಐಸ್ ಪ್ಯಾಕ್ ಇಟ್ಟ ಮುಚ್ಚಳದ ಡಬ್ಬ ಬೇಕು. ಮೀನಿನ ಪೆಟ್ಟಿಗೆ ಬೇಡ, ಅದಕ್ಕೇ ಬೇರೆ ಇಟ್ಟುಕೊಳ್ಳಿ. ಬೈಕಿನ ಬಿಸಿ ಟ್ಯಾಂಕಿನ ಮೇಲೆ ಇಡಬೇಡಿ.

7. ಇಟ್ಟ ಹಾಲಿನಲ್ಲಿ ಕೆನೆ ಮೇಲೆ ತೇಲುವುದು ಸಹಜ. ಅದು ಹಾಲು ಕೆಟ್ಟ ಗುರುತಲ್ಲ. ಕೊಡುವ ಮುನ್ನ ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ ಕೆನೆ ಬೆರೆಯುವಂತೆ ಮಾಡಬೇಕು. ಫ್ರಿಜ್ಜಿನಲ್ಲಿಟ್ಟ ಹಾಲಿಗೆ ಕೆಲವೊಮ್ಮೆ ಸಾಬೂನಿನ ವಾಸನೆ ಬರುತ್ತದೆ. ಲೈಪೇಸ್ ತನ್ನ ಕೆಲಸ ಶುರು ಮಾಡಿದ್ದರಿಂದ ಬರುವ ವಾಸನೆ ಅದು. ಹುಳಿಯಾಗಿದ್ದರೆ ಮಾತ್ರ ಚೆಲ್ಲಿ.

8. ಬೆಚ್ಚಗೆ ಮಾಡಲು ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ. ಒಲೆ, ಮೈಕ್ರೋವೇವ್ ಬೇಡ.

ವಾರ್ಡಿನಲ್ಲಿ ಮಗುವಿಗೆ ನಳಿಕೆಯ ಮೂಲಕ ಹಾಲು ಕೊಡುವಾಗಲೂ ಕೊಬ್ಬು ನಳಿಕೆಗೆ ಅಂಟುತ್ತದೆ. ಗಂಟೆಗಟ್ಟಲೆ ನಿಧಾನವಾಗಿ ಹರಿಸಿದರೆ ನಷ್ಟ ಹೆಚ್ಚು, ಸಿರಿಂಜಿನಿಂದ ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಇಳಿಬಿಟ್ಟರೆ ಕಡಿಮೆ. ಯಾವುದು ಸರಿ ಎಂಬುದು ಮಗುವಿನ ಸ್ಥಿತಿಯನ್ನು ನೋಡಿ ವೈದ್ಯರು ತೀರ್ಮಾನಿಸುವ ವಿಷಯ. ನೀವು ಕೇಳಬಹುದು, ಕೇಳಿದರೆ ತಪ್ಪೇನಿಲ್ಲ. ತೂಕ ಏರದಿದ್ದಾಗ, ಹಾಲು ಧಾರಾಳವಾಗಿದ್ದರೆ, ಮೊದಲ ಹಾಲನ್ನು ಬೇರೆ ತೆಗೆದಿಟ್ಟು ಕೊನೆಯ ಹಾಲನ್ನು ಕೊಡಲು ವೈದ್ಯರು ಹೇಳುವುದುಂಟು. ಅವರು ಹೇಳದೆ ಮನೆಯವರೇ ಹಾಗೆ ಮಾಡಬಾರದು.

ಮಗುವನ್ನು ಎದೆಗೆ ಒರಗಿಸಿ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಆರಂಭವಾಯಿತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ ಕೂಡಲೇ ಅದನ್ನು ಶುರು ಮಾಡಲು ಹೇಳುತ್ತದೆ. ತಾಯಿಯ ಮೈಬಿಸಿ ಸಿಕ್ಕ ಮಗು ಬೆಚ್ಚಗಿರಲು ತನ್ನ ಕ್ಯಾಲೊರಿ ಸುಡಬೇಕಾಗಿಲ್ಲ. ಕುಡಿದ ಕೊಬ್ಬು ಬೆಳವಣಿಗೆಗೆ ಉಳಿಯುತ್ತದೆ, ತಾಯಿಗೆ ಹಾಲೂ ಹೆಚ್ಚುತ್ತದೆ. ಮರೆ ಬೇಕೆಂದರೆ ಪರದೆ ಕೇಳಿ, ಮುಂದೆ ತೆರೆಯುವ ಉಡುಪು ಧರಿಸಿ. ತಾಯಿ ದಣಿದಾಗ ತಂದೆ, ಅಜ್ಜಿ ಕೂಡ ಹೀಗೆ ಹಿಡಿಯಬಹುದು.

ತಾಯಿಯ ತಟ್ಟೆ

ತುಪ್ಪ ತಿನ್ನಿಸಿದರೆ ಹಾಲು ದಪ್ಪವಾಗುತ್ತದೆ ಎಂಬ ನಂಬಿಕೆಗೆ ಆಧಾರ ಕಡಿಮೆ. ಹಾಲಿನ ಒಟ್ಟು ಕೊಬ್ಬು ತಾಯಿಯ ಊಟದಿಂದ ಅಷ್ಟಾಗಿ ಬದಲಾಗದು. ಬದಲಾಗುವುದು ಕೊಬ್ಬಿನ ಬಗೆ. ಡಿಎಚ್‌ಎ ಎಷ್ಟಿರಬೇಕೆಂಬುದು ತಾಯಿ ಏನು ತಿನ್ನುತ್ತಾಳೆ ಎಂಬುದರ ಮೇಲೆ ನಿಂತಿದೆ. ಇಲ್ಲಿ ನಮ್ಮ ಕರಾವಳಿಯವರು ಭಾಗ್ಯವಂತರು. ಬೂತಾಯಿ, ನಮ್ಮ ಕುಂದಾಪುರದ ಕಡೆಯ ಮಾತಿನಲ್ಲಿ ಬೈಗೆ, ಮತ್ತು ಬಂಗುಡೆ ಡಿಎಚ್‌ಎ ತುಂಬಿದ ಮೀನುಗಳು, ಬೆಲೆಯೂ ಕೈಗೆಟಕುವಂಥದ್ದು. ಕೆಲವು ಮನೆಗಳಲ್ಲಿ ನಂಜು ಎಂದು ಬಾಣಂತಿಗೆ ಮೀನು ಕೊಡುವುದಿಲ್ಲ. ಅಲರ್ಜಿ ಇಲ್ಲದಿದ್ದರೆ ವಾರಕ್ಕೆ ಎರಡು ಮೂರು ದಿನ ಸಾರಿನಲ್ಲಿ ಬೇಯಿಸಿದ ಸಣ್ಣ ಮೀನು ಕೊಡಿ. ಶಾರ್ಕಿನಂಥ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಸೇರಿರುವ ಸಾಧ್ಯತೆ ಇರುವುದರಿಂದ ಅವು ಬೇಡ.

ನಿಫಾಸಿನ ದಿನಗಳಲ್ಲಿ ಉಪವಾಸವಿಲ್ಲ. ಅದು ಮುಗಿದ ಮೇಲೆ ರಮಝಾನ್ ಬಂದರೂ, ಹಾಲುಣಿಸುವ ತಾಯಿಗೆ ಮಗುವಿನ ಬಗ್ಗೆ ಆತಂಕವಿದ್ದರೆ ಧರ್ಮವು ರಿಯಾಯಿತಿ ಕೊಟ್ಟಿದೆ. ಕಝಾ, ಫಿದ್ಯಾಗಳ ವಿವರವನ್ನು ಉಸ್ತಾದರಲ್ಲಿ ಕೇಳಿ. ಎರಡು ಕಿಲೋ ತುಂಬದ ಮಗುವಿನ ತಾಯಿಯನ್ನು "ಎಲ್ಲರೂ ಹಿಡಿಯುವುದಿಲ್ಲವೇ" ಎಂದು ಒತ್ತಾಯಿಸಬೇಡಿ.

ತಾಯಿಯ ಹಾಲು ಸಾಲದಿದ್ದರೆ

ತಾಯಿಗೆ ತೀವ್ರ ಕಾಯಿಲೆ ಇದ್ದಾಗ ಅಥವಾ ಹಾಲು ಇನ್ನೂ ಇಳಿಯದಿದ್ದಾಗ, ಬೇರೆ ತಾಯಂದಿರು ದಾನ ಮಾಡಿದ ಹಾಲನ್ನು ವೈದ್ಯರು ಸೂಚಿಸಬಹುದು. ಭಾರತದ ಮೊದಲ ತಾಯಿಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ನಮ್ಮ ಕರಾವಳಿಯಲ್ಲಿ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ 2022ರಲ್ಲಿ ಇಂಥ ಬ್ಯಾಂಕ್ ತೆರೆಯಿತು. ಈ ಹಾಲನ್ನು 62.5 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇಟ್ಟು ರೋಗಾಣು ಕಳೆಯುತ್ತಾರೆ. ಆಗ ಲೈಪೇಸ್ ನಾಶವಾಗುವುದರಿಂದ ಅದರ ಕೊಬ್ಬು ತಾಯಿಯ ತಾಜಾ ಹಾಲಿನಷ್ಟು ಜೀರ್ಣವಾಗದು. ಆದರೂ ತೀರಾ ಸಣ್ಣ ಮಗುವಿನ ಕರುಳಿಗೆ ಡಬ್ಬಿ ಹಾಲಿಗಿಂತ ಅದು ಸುರಕ್ಷಿತ.

ಇಲ್ಲಿ ನಮ್ಮಲ್ಲಿ ಹಾಲಿನ ಸಂಬಂಧದ ಪ್ರಶ್ನೆ ಏಳುತ್ತದೆ. ಹಾಲುಣಿಸಿದವಳು ತಾಯಿಯಾಗುತ್ತಾಳೆ, ಅವಳ ಮಕ್ಕಳೊಂದಿಗೆ ವಿವಾಹ ನಿಷಿದ್ಧ. ಶಾಫಿಈ ಮದ್‌ಹಬಿನಲ್ಲಿ ಐದು ಸಲ ಉಣಿಸಿದರೆ ಸಂಬಂಧ ಸ್ಥಿರವಾಗುತ್ತದೆ, ಹನಫಿಯಲ್ಲಿ ಸ್ವಲ್ಪವೇ ಸಾಕು. ಹಲವರ ಹಾಲು ಬೆರೆತು, ಕೊಟ್ಟವರು ಯಾರೆಂದು ತಿಳಿಯದಿರುವ ಬ್ಯಾಂಕಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಜಿದ್ದಾದ ಅಂತರರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ 1985ರಲ್ಲಿ ಅದನ್ನು ನಿಷೇಧಿಸಿ ತೀರ್ಮಾನಿಸಿತು. ಯೂರೋಪಿನ ಫತ್ವಾ ಮಂಡಳಿ 2004ರಲ್ಲಿ ಬೇಗ ಹುಟ್ಟಿದ ಮಕ್ಕಳ ಅಗತ್ಯಕ್ಕೆ ಅನುಮತಿಸಿತು. ಆದ್ದರಿಂದ ನಡುರಾತ್ರಿ ವಾರ್ಡಿನ ಬಾಗಿಲಲ್ಲಿ ಸಹಿ ಕೇಳುವವರೆಗೆ ಕಾಯಬೇಡಿ. ಬೇಗ ಹೆರಿಗೆಯಾಗುವ ಸೂಚನೆ ಇದ್ದರೆ ಮೊದಲೇ ನಿಮ್ಮ ಮೊಹಲ್ಲಾದ ಖತೀಬರನ್ನೋ ಖಾಝಿಯವರನ್ನೋ ಕೇಳಿ, ವೈದ್ಯರು ಹೇಳುವ ಅಪಾಯವನ್ನೂ ಅವರಿಗೆ ತಿಳಿಸಿ. ಹಾಲು ಕೊಟ್ಟವರ ದಾಖಲೆ ಸಿಗುವುದೇ, ಒಬ್ಬರದೇ ಹಾಲು ಕೊಡಲಾಗುವುದೇ ಎಂದು ಬ್ಯಾಂಕಿನಲ್ಲೂ ವಿಚಾರಿಸಿ. ಬಂಧುವೊಬ್ಬಳು ಹಾಲು ಕೊಡಲು ಮುಂದೆ ಬಂದರೆ ಅವಳ ರಕ್ತಪರೀಕ್ಷೆ ಆಗಲಿ, ವೈದ್ಯರ ಒಪ್ಪಿಗೆ ಇರಲಿ, ಸಂಬಂಧವನ್ನು ಎರಡೂ ಮನೆಯವರು ಬರೆದಿಡಲಿ.

ಮನೆಗೆ ಬಂದ ಮೇಲೆ

ಮಗು ಮನೆಗೆ ಬಂದ ಮೇಲೆ ಒಳಲೆಯಲ್ಲೋ ಸಣ್ಣ ಬಟ್ಟಲಿನಲ್ಲೋ ಕೊಡುವ ಹಾಲಿನ ಕೆನೆ ತಳದಲ್ಲಿ, ಅಂಚಿನಲ್ಲಿ ಉಳಿಯದಂತೆ ನೋಡಿ. ಎದೆಗೆ ಹಾಕಿದಾಗ ಒಂದು ಕಡೆ ಪೂರ್ತಿ ಕುಡಿದ ನಂತರ ಇನ್ನೊಂದು ಕಡೆ ಕೊಡಿ. ಹಾಲಿಗೆ ತೆಂಗಿನೆಣ್ಣೆ, ತುಪ್ಪ ಬೆರೆಸಬೇಡಿ. ಮೂಗಿಗೆ ಬಾಯಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಒಂದು ವರ್ಷ ತುಂಬುವವರೆಗೆ ಜೇನು ಬೇಡ. ತಹ್ನೀಕ್ ಮಾಡಿಸುವ ಆಸೆ ಇದ್ದರೆ ವೈದ್ಯರನ್ನು ಕೇಳಿ, ಮಗು ಗಟ್ಟಿಯಾಗುವವರೆಗೆ ಕಾಯಿರಿ.

ಆಶಾ ಕಾರ್ಯಕರ್ತೆ ಬಂದಾಗ ತೂಕ ಹಾಕಿಸಿ, ಕಾರ್ಡಿನಲ್ಲಿ ಬರೆಸಿ. ಮಗು ಹಾಲು ಬೇಡವೆಂದರೆ, ಎಬ್ಬಿಸಿದರೂ ಏಳದಿದ್ದರೆ, ಮೈ ತಣ್ಣಗಾದರೆ, ಹೊಟ್ಟೆ ಉಬ್ಬಿದರೆ, ಹಸಿರು ವಾಂತಿ ಅಥವಾ ಮಲದಲ್ಲಿ ರಕ್ತ ಕಂಡರೆ ಬೆಳಗಾಗಲು ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನು ಮುಂದೆ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ "ನೀರಿನಂಥ ಹಾಲು" ಎಂಬ ಮಾತು ಕೇಳಿದರೆ, ಆ ಹಾಲನ್ನು ಒಂದು ಗಾಜಿನ ಪಾತ್ರೆಯಲ್ಲಿ ಫ್ರಿಜ್ಜಿನಲ್ಲಿಟ್ಟು ಕೆಲವು ಗಂಟೆಯ ನಂತರ ತೋರಿಸಿ. ಮೇಲೆ ನಿಂತ ಕೆನೆಯ ಗೆರೆಯನ್ನು ಅತ್ತೆಯೂ ನೋಡಲಿ, ಬಾಣಂತಿಯೂ ನೋಡಲಿ. ಮತ್ತೆ ಮೆಲ್ಲಗೆ ಬೆರೆಸಿ, ಒಂದು ಹನಿಯೂ ಉಳಿಯದಂತೆ ಮಗುವಿಗೆ ಮುಟ್ಟಿಸಿ.